ಮಲಗಿದಲ್ಲೇ ಬೆಟ್ಟ ಹತ್ತಿದವರು

ಚೀನಾದ ಜೊಂಗ್ ಬಿಂಗ್ (375–443) ಸರ್ಕಾರಿ ಹುದ್ದೆಗಳನ್ನು ಒಲ್ಲೆನೆಂದು ಬೆಟ್ಟಗುಡ್ಡ ಸುತ್ತಿದವನು. ಹೆಂಗ್ ಪರ್ವತದಲ್ಲಿ ಗುಡಿಸಲನ್ನೂ ಕಟ್ಟಿಕೊಂಡಿದ್ದ. ಕಾಯಿಲೆ ಬಿದ್ದಾಗ ಜಿಯಾಂಗ್‌ಲಿಂಗ್‌ನ ಮನೆಗೆ ಮರಳಬೇಕಾಯಿತು. ಇನ್ನು ಹತ್ತಲಾಗದು ಎಂದು ತಿಳಿದ ಮೇಲೆ, ತಾನು ಕಂಡ ಬೆಟ್ಟಗಳನ್ನೆಲ್ಲ ಕೋಣೆಯ ಗೋಡೆಗಳ ಮೇಲೆ ಬಿಡಿಸಿದ. ಅವುಗಳ ಮುಂದೆ ತಂತಿವಾದ್ಯ ನುಡಿಸಿ ಬೆಟ್ಟಗಳಿಂದ ಮಾರ್ದನಿ ಎಬ್ಬಿಸಬೇಕೆಂಬುದು ಅವನ ಆಸೆ. ಆ ಚಿತ್ರಗಳು ಉಳಿದಿಲ್ಲ. ಅವನಾಡಿದ ಮಾತು ಉಳಿದಿದೆ: 'ವೋಯೋ', ಮಲಗಿದಲ್ಲೇ ಸಂಚಾರ.

ಈ ಮಾತಿನ ನೆರಳಲ್ಲಿ ಬೆಳೆದ ನಿಸರ್ಗಚಿತ್ರಗಳನ್ನು ಹೊರಗೆ ಹೋಗಲಾರದವರ ಸಮಾಧಾನವೆಂದು ನೋಡುವುದುಂಟು. ನನಗದು ಒಪ್ಪಿಗೆಯಿಲ್ಲ. ಜೊಂಗ್ ಬಿಂಗನ ಕೈಗೆ ಬೆಟ್ಟ ಕಲಿಸಿದ್ದು ಅವನ ಕಾಲು. ನಡೆದ ನೆನಪು ಒಳಗಿದ್ದಷ್ಟು ದಿನ ಈ ಪರಂಪರೆ ಉಸಿರಾಡಿತು. ನೆನಪಿನ ಜಾಗಕ್ಕೆ ಮಾದರಿ ಬಂದು ಕೂತಾಗ ಸೊರಗಿತು.

ಹನ್ನೊಂದನೇ ಶತಮಾನದ ಗುವೊ ಶಿ ಈ ಹಂಬಲದ ಬೇರನ್ನು ಚೆನ್ನಾಗಿ ಹಿಡಿದಿದ್ದ. ಅವನ ವಿಚಾರಗಳನ್ನು ಮಗ ಗುವೊ ಸಿ ಬರೆದಿಟ್ಟಿದ್ದಾನೆ. ದೊರೆಯ ಕೆಲಸ, ಹೆತ್ತವರ ಆರೈಕೆ ಬಿಟ್ಟು ಸಜ್ಜನ ಕಾಡಿಗೆ ಹೋಗುವಂತಿಲ್ಲ. ಅವನ ಮನೆಗೇ ಬೆಟ್ಟವನ್ನು ತರುವುದು ಚಿತ್ರಕಾರನ ಕೆಲಸ. ಬೆಟ್ಟದ ಚಿತ್ರ ನೋಡುವಂತಿದ್ದರೆ ಸಾಲದು, ಅಲ್ಲಿ ಅಲೆಯುವಂತಿರಬೇಕು, ವಾಸಿಸುವಂತಿರಬೇಕು. ತೈಪೆಯ ವಸ್ತುಸಂಗ್ರಹಾಲಯದಲ್ಲಿರುವ ಅವನ 'ವಸಂತಾಗಮನ' (1072) ನೋಡಿ. ರೇಷ್ಮೆಯ ಮೇಲೆ ಮಸಿ, ಜೊತೆಗೆ ತೆಳು ಬಣ್ಣ. ಕೆಳಗೆ ನೀರಿನಂಚಿನಲ್ಲಿ ದೋಣಿ, ಪುಟ್ಟ ಪುಟ್ಟ ಜನ. ಮೇಲೆ ಜಲಪಾತ, ಅದರಾಚೆ ಗುಡಿಯ ಮಾಡು. ನಡುವಿನ ದಾರಿಯನ್ನು ಮಂಜು ಅಲ್ಲಲ್ಲಿ ನುಂಗಿದೆ. ನುಂಗಿದಷ್ಟನ್ನು ನಡೆಯಬೇಕಾದವರು ನಾವು.

ಹೀಗೆ ನಡೆಯಲು ನೋಡುವವನಿಗೂ ಅನುಭವ ಬೇಕು. ಟೋಕಿಯೊದಲ್ಲಿರುವ 'ಶಿಯಾವೊ-ಶಿಯಾಂಗ್ ಕನಸಿನ ಪಯಣ' ಹನ್ನೆರಡನೇ ಶತಮಾನದ್ದು. ಸುಮಾರು ನಾಲ್ಕು ಮೀಟರ್ ಉದ್ದದ ಸುರುಳಿ, ಮಸಿ ಎಷ್ಟು ತೆಳುವೆಂದರೆ ಕಾಗದವೇ ಬೆವತಂತಿದೆ. ಅದನ್ನು ಬರೆಸಿಕೊಂಡ ಯುಂಗು ಎಂಬ ಬೌದ್ಧ ಸನ್ಯಾಸಿ ಮೂವತ್ತು ವರ್ಷ ಊರೂರು ಅಲೆದಿದ್ದ; ಶಿಯಾವೊ, ಶಿಯಾಂಗ್ ನದಿಗಳ ನಾಡೊಂದನ್ನು ಕಾಣಲಿಲ್ಲವೆಂಬ ಕೊರಗು ಮಾತ್ರ ಉಳಿದಿತ್ತು. ಕಾಣದ ನಾಡಿನ ಚಿತ್ರದೊಳಗೆ ಅವನನ್ನು ಕರೆದೊಯ್ದದ್ದು ಕಂಡ ನಾಡುಗಳ ನೆನಪೇ ಎಂದು ನನಗನಿಸುತ್ತದೆ.

1679ರ 'ಸಾಸಿವೆಕಾಳಿನ ತೋಟ' ಎಂಬ ಚಿತ್ರಪಾಠದ ಪುಸ್ತಕಕ್ಕೆ ಮುನ್ನುಡಿ ಬರೆದ ಲಿ ಯು ಕೂಡ ಕಾಯಿಲೆಯಿಂದ ಕೋಣೆ ಹಿಡಿದಿದ್ದವನು. ಚಿತ್ರ ನೋಡುತ್ತ ಮಲಗಿದಲ್ಲೇ ಸಂಚರಿಸುವ ಸುಖವನ್ನು ಅವನೂ ನೆನೆಯುತ್ತಾನೆ. ಆ ಪುಸ್ತಕ ಬಂಡೆ, ಮರ, ಎಲೆಗಳನ್ನು ಬಿಡಿಬಿಡಿಯಾಗಿ ಬರೆಯಲು ಕಲಿಸಿತು. ಗುರುವಿಲ್ಲದ ಎಷ್ಟೋ ಮಂದಿಗೆ ಅದು ಗುರುವಾಯಿತು, ಆ ಉಪಕಾರ ದೊಡ್ಡದು. ಆದರೆ ಬೆಟ್ಟವನ್ನೇ ನೋಡದೆ ಬೆಟ್ಟ ಬರೆಯುವ ಅನುಕೂಲವನ್ನೂ ಅದೇ ಒದಗಿಸಿತು. ಅದಕ್ಕೂ ಮೂರು ಶತಮಾನ ಮೊದಲೇ ವೈದ್ಯನೂ ಆಗಿದ್ದ ವಾಂಗ್ ಲ್ಯು ಹ್ವಾ ಪರ್ವತ ಹತ್ತಿ ಬಂದು, ಹಳಬರ ಶೈಲಿಗಿಂತ ಆ ಪರ್ವತವೇ ತನ್ನ ಗುರುವೆಂದು ಸಾರಿ, ನಲವತ್ತು ಚಿತ್ರ ಬರೆದಿದ್ದ. ಆ ಎಚ್ಚರಿಕೆ ಪರಂಪರೆಗೆ ಬೇಕಾಗಿತ್ತು.

ಜೊಂಗ್ ಬಿಂಗ್ ತನ್ನ ಲೇಖನದಲ್ಲಿ ಒಂದು ಸರಳ ಸತ್ಯ ಹೇಳಿದ್ದಾನೆ: ಕುನ್‌ಲುನ್ ಪರ್ವತಕ್ಕೆ ಕಣ್ಣು ತಾಗಿಸಿ ನಿಂತರೆ ಅದರ ಆಕಾರ ಕಾಣದು; ಹರದಾರಿ ದೂರ ಸರಿದರೆ ಪುಟ್ಟ ಕಣ್ಣುಗುಡ್ಡೆಯಲ್ಲೇ ಅಡಗುತ್ತದೆ. ರೋಗಿಯ ಕೋಣೆಯೂ ಅಂಥದೊಂದು ದೂರ. ಅಲ್ಲಿಂದ ಬೆಟ್ಟ ಇಡಿಯಾಗಿ ಕಾಣುವುದು, ಒಮ್ಮೆ ಅದರ ಬುಡದಲ್ಲಿ ನಿಂತು ಬಂದವನಿಗೆ.