ಇಲ್ಲದ ಕೂಸಿನ ಕಥೆ

ಸಿಯಾಟಲ್‌ನ ಹೆಸರಾಂತ ವೈದ್ಯ ಡೇವಿಡ್ ಹೈಂಬಾಕ್, ಸುಟ್ಟಗಾಯಗಳ ಚಿಕಿತ್ಸೆಯಲ್ಲಿ ಪಳಗಿದವರು. 2011ರಲ್ಲಿ ಅವರು ಕ್ಯಾಲಿಫೋರ್ನಿಯಾದ ಶಾಸಕರ ಮುಂದೆ ಒಂದು ಹೆಣ್ಣುಕೂಸಿನ ಕಥೆ ಹೇಳಿದರು. ಕೂಸಿಗೆ ಏಳು ವಾರ. ಮೇಣದಬತ್ತಿಯಿಂದ ಹತ್ತಿದ ಬೆಂಕಿ. ಕೂಸು ಮಲಗಿದ್ದ ದಿಂಬಿನಲ್ಲಿ ಬೆಂಕಿ ತಡೆಯುವ ರಾಸಾಯನಿಕ ಇರಲಿಲ್ಲ. ಪೀಠೋಪಕರಣಗಳಿಗೆ ಇಂಥ ರಾಸಾಯನಿಕ ಹಾಕಬೇಕೆಂಬ ನಿಯಮವನ್ನು ಸಡಿಲಿಸಬಾರದು ಎಂಬುದು ಅವರ ವಾದ.

ಮರುವರ್ಷ ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆ ಹುಡುಕಿ ನೋಡಿದರೆ ಅಂಥ ಕೂಸೇ ಇರಲಿಲ್ಲ. 2009 ಮತ್ತು 2010ರಲ್ಲೂ ಅವರು ಇಂಥದೇ ಕಥೆ ಹೇಳಿದ್ದರು, ಕೂಸಿನ ವಯಸ್ಸು ಮಾತ್ರ ಬೇರೆ. ಅವರ ಬೆನ್ನಿಗಿದ್ದ ‘ಸಿಟಿಜನ್ಸ್ ಫಾರ್ ಫೈರ್ ಸೇಫ್ಟಿ’ ಎಂಬ ನಾಗರಿಕರ ಸಂಘಕ್ಕೆ ಇದ್ದ ಸದಸ್ಯರು ಮೂರೇ: ಆಲ್ಬಮಾರ್ಲ್, ಕೆಮ್‌ಚುರಾ, ಐಸಿಎಲ್. ಮೂರೂ ಆ ರಾಸಾಯನಿಕಗಳ ತಯಾರಕರು. ನಾನು ಪ್ರಮಾಣ ಮಾಡಿ ಹೇಳಿದ್ದಲ್ಲವಲ್ಲ ಎಂಬರ್ಥದ ಉತ್ತರ ವೈದ್ಯರಿಂದ ಬಂತು.

ಜೇಮ್ಸ್ ರೆಡ್‌ಫರ್ಡ್ ಮತ್ತು ಕಿರ್ಬಿ ವಾಕರ್ ನಿರ್ದೇಶಿಸಿದ ‘ಟಾಕ್ಸಿಕ್ ಹಾಟ್ ಸೀಟ್’ (2013) ಸಾಕ್ಷ್ಯಚಿತ್ರ ಈ ಹಗರಣದ ಸುತ್ತ ಬೆಳೆಯುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ನೋಡಬೇಕು ಎನ್ನುವುದಕ್ಕೆ ನನ್ನ ಕಾರಣ ಬೇರೆ. ಆ ಸುಳ್ಳನ್ನು ಕಟ್ಟಿದ ರೀತಿ ನೋಡಿ. ವಯಸ್ಸನ್ನು ವಾರಗಳಲ್ಲಿ ಹೇಳುವುದು, ಮೇಣದಬತ್ತಿಯಂಥ ಮನೆಯೊಳಗಿನ ವಸ್ತು, ದಿಂಬು. ಕಥಾ ಕಮ್ಮಟದಲ್ಲಾಗಿದ್ದರೆ ವಿವರಗಳ ಆಯ್ಕೆಗೆ ಶಹಬ್ಬಾಸ್‌ಗಿರಿ ಸಿಗುತ್ತಿತ್ತು. ಬೆಂಕಿಗೆ ಒಂದು ಗಳಿಗೆಯಿದೆ, ಒಂದು ಮುಖವಿದೆ. ಕೇಳಿದವರ ಕರುಳು ಚುರುಕ್ಕೆನ್ನುತ್ತದೆ.

ಎದುರು ಬದಿಯಲ್ಲಿ ಇರುವುದು ನಿಜ. ಅದಕ್ಕೆ ಕಥೆಯೇ ಇಲ್ಲ.

1975ರಲ್ಲಿ ಕ್ಯಾಲಿಫೋರ್ನಿಯಾ ತಂದ ನಿಯಮದ ಪ್ರಕಾರ ಸೋಫಾದೊಳಗಿನ ಫೋಮ್ ಸಣ್ಣ ಜ್ವಾಲೆಯನ್ನು 12 ಸೆಕೆಂಡು ತಾಳಬೇಕಿತ್ತು. (ನಿಜವಾದ ಮನೆಯಲ್ಲಿ ಮೊದಲು ಹೊತ್ತುವುದು ಮೇಲಿನ ಬಟ್ಟೆ. ಫೋಮ್ ಮುಟ್ಟುವ ಹೊತ್ತಿಗೆ ಬೆಂಕಿ ದೊಡ್ಡದಾಗಿರುತ್ತದೆ.) ಅದಕ್ಕಾಗಿ ಬಳಸಿದ ಪಿಬಿಡಿಇ ಎಂಬ ರಾಸಾಯನಿಕಗಳು ಫೋಮಿಗೆ ಬೆಸೆದುಕೊಳ್ಳುವುದಿಲ್ಲ, ಧೂಳಾಗಿ ಉದುರುತ್ತವೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿ ಕೈಯನ್ನು ಬಾಯಿಗಿಡುತ್ತದೆ, ಅಷ್ಟೇ. ನಮ್ಮ ಥೈರಾಯ್ಡ್ ಗ್ರಂಥಿಯ ಥೈರಾಕ್ಸಿನ್ ಅಣುವಿನಲ್ಲಿ ಎರಡು ಉಂಗುರ, ನಾಲ್ಕು ಅಯೋಡಿನ್. ಪಿಬಿಡಿಇಯಲ್ಲೂ ಎರಡು ಉಂಗುರ, ಅಯೋಡಿನ್ನಿನ ಜಾಗದಲ್ಲಿ ಬ್ರೋಮಿನ್. ಈ ಮಾರುವೇಷ ಹಾರ್ಮೋನಿನ ಕೆಲಸ ಕೆಡಿಸುತ್ತದೆ. ಗರ್ಭದ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಸ್ವಂತ ಥೈರಾಯ್ಡ್ ಹಾರ್ಮೋನು ಇರುವುದಿಲ್ಲ. ಮಿದುಳು ಬೆಳೆಯುವುದು ತಾಯಿಯ ಹಾರ್ಮೋನಿನ ಆಸರೆಯಲ್ಲಿ. ಇಲ್ಲಿ ಯಾರೂ ಚೀರುವುದಿಲ್ಲ, ಯಾರನ್ನೂ ಆಸ್ಪತ್ರೆಗೆ ಹೊತ್ತೊಯ್ಯುವುದಿಲ್ಲ.

ಈ ಮೌನದ ಮುಂದೆ ಚಿತ್ರ ಅಳುಕುತ್ತದೆ ಎಂಬುದು ನನ್ನ ತಕರಾರು. ಕಥೆಗೆ ಕಥೆಯಿಂದಲೇ ಉತ್ತರ ಕೊಡಲು ಹೊರಟ ಅದು ಸ್ಯಾನ್ ಫ್ರಾನ್ಸಿಸ್ಕೊದ ಅಗ್ನಿಶಾಮಕ ಸಿಬ್ಬಂದಿಯನ್ನು ನೆಚ್ಚಿಕೊಳ್ಳುತ್ತದೆ. ಉರಿಯುವ ಸೋಫಾಗಳ ಹೊಗೆ ಕುಡಿದು ದುಡಿದವರು, ಕ್ಯಾನ್ಸರ್ ಕಂಡವರು. ಅವರು ಪರದೆಯ ಮೇಲೆ ಬಂದಾಗ ಮಾತು ಬೇಕಿಲ್ಲ. ಬೆಂಕಿ ಆರಿಸುವವರೇ ಬೆಂಕಿ ತಡೆಯುವ ರಾಸಾಯನಿಕ ಬೇಡ ಎನ್ನುವುದರ ತೂಕ ದೊಡ್ಡದು, ಒಪ್ಪುತ್ತೇನೆ. ಹಾರ್ಮೋನಿನ ಸಂಗತಿಯೂ ಬರುತ್ತದೆ. ಆದರೆ ಬಂದು ಹೋಗುತ್ತದೆ, ನಿಲ್ಲುವುದಿಲ್ಲ. ಖಳ, ಬಲಿ, ವೀರ ಸಿಕ್ಕಿದ ಮೇಲೆ ಧೂಳಿಗೆ ಪಾತ್ರ ಯಾರು ಕೊಡುತ್ತಾರೆ?

ನಮ್ಮ ನೆರೆಯ ಕಾಸರಗೋಡಿನ ಎಂಡೋಸಲ್ಫಾನ್ ಬರಹಕ್ಕೆ ಈ ತೊಡಕು ಇರಲಿಲ್ಲ. ಅಂಬಿಕಾಸುತನ್ ಮಾಙಾಡ್ ಅವರ ಮಲಯಾಳಂ ಕಾದಂಬರಿ ‘ಎಣ್ಮಕಜೆ’ಗೆ ಒಂದು ಊರಿತ್ತು, ನರಳುವ ಮೈಗಳಿದ್ದವು. ಪಿಬಿಡಿಇಗೆ ಊರಿಲ್ಲ, ಎಲ್ಲರ ಪಡಸಾಲೆಯೇ ಅದರ ಊರು.

ಹಾಗಾದರೆ ಇದನ್ನು ಹೇಳಲು ಬರುವುದೇ ಇಲ್ಲವೇ? ಬರುತ್ತದೆ ಎಂದೇ ನನ್ನ ನಂಬಿಕೆ. ಸ್ವೀಡನ್ನಿನ ವಿಜ್ಞಾನಿಗಳು ಕಾದಿರಿಸಿದ್ದ ತಾಯಿಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ, 1972ರಿಂದ 1997ರವರೆಗೆ ಅದರಲ್ಲಿದ್ದ ಪಿಬಿಡಿಇ ಪ್ರಮಾಣ ಐದೈದು ವರ್ಷಕ್ಕೆ ಇಮ್ಮಡಿಯಾಗುತ್ತ ಬಂದದ್ದು ಕಂಡಿತು. ಬೇರೆ ವಿಷಗಳು ಇಳಿಯುತ್ತಿದ್ದ ಕಾಲವದು. ಸಾಲಾಗಿಟ್ಟ ಆ ಹಾಲಿನ ಮುಂದೆ ಕ್ಯಾಮೆರಾ ಸುಮ್ಮನೆ ನಿಂತಿದ್ದರೂ ಸಾಕಿತ್ತು. ಕ್ಯಾಲಿಫೋರ್ನಿಯಾದಲ್ಲೇ ಸಲೀನಸ್ ಕಣಿವೆಯಿದೆ. ಅಲ್ಲಿ ಮೆಕ್ಸಿಕೊ ಮೂಲದ ಕೃಷಿಕೂಲಿ ತಾಯಂದಿರನ್ನೂ ಅವರ ಮಕ್ಕಳನ್ನೂ ಬ್ರೆಂಡಾ ಎಸ್ಕೆನಾಜಿ ಅವರ ತಂಡ ವರ್ಷಗಟ್ಟಲೆ ಹಿಂಬಾಲಿಸಿತು. ಆ ಮಕ್ಕಳ ರಕ್ತದಲ್ಲಿ ಮೆಕ್ಸಿಕೊದಲ್ಲೇ ಬೆಳೆದ ಮಕ್ಕಳಿಗಿಂತ ಸುಮಾರು ಏಳು ಪಟ್ಟು ಪಿಬಿಡಿಇ ಇತ್ತು. ಗರ್ಭದಲ್ಲೂ ಎಳವೆಯಲ್ಲೂ ಅದು ಹೆಚ್ಚಿದ್ದವರಲ್ಲಿ ಗಮನ, ಬೆರಳುಗಳ ಚುರುಕು, ಬುದ್ಧಿಮತ್ತೆಯ ಅಂಕಗಳು ತುಸು ಕಡಿಮೆ. ಇದೇ ಮಗುವಿಗೆ ಇದರಿಂದಲೇ ಹೀಗಾಯಿತು ಎಂದು ಯಾವ ತಾಯಿಯೂ ಬೆರಳು ತೋರಿಸಲಾರಳು. ಬದುಕು ಅರಸಿ ಗಡಿ ದಾಟಿದವರು, ಆ ಬದುಕಿನ ಸೋಫಾದಿಂದ ಪಡೆದದ್ದು ಇದು. ಕಾದಂಬರಿಕಾರನೊಬ್ಬನಿಗೆ ಇದಕ್ಕಿಂತ ಏನು ಬೇಕು?

ಚಿತ್ರದಲ್ಲಿ ಈ ದಾರಿಗೆ ಹತ್ತಿರ ಬರುವವರು ಆರ್ಲೀನ್ ಬ್ಲಮ್. 1977ರಲ್ಲಿ ಬ್ರೂಸ್ ಏಮ್ಸ್ ಜೊತೆ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದು, ಮಕ್ಕಳ ರಾತ್ರಿಯುಡುಪಿನ ಟ್ರಿಸ್ ರಾಸಾಯನಿಕದ ಬಗ್ಗೆ ಎಚ್ಚರಿಸಿದ ರಸಾಯನಶಾಸ್ತ್ರಜ್ಞೆ. ಮರುವರ್ಷ ಮಹಿಳೆಯರ ತಂಡ ಕಟ್ಟಿ ಅನ್ನಪೂರ್ಣ ಶಿಖರಕ್ಕೆ ಹೊರಟ ಪರ್ವತಾರೋಹಿ. ಬ್ರೋಮಿನ್ ಇದ್ದ ಟ್ರಿಸ್ ನಿಷೇಧವಾಯಿತು. ಬದಲಿಗೆ ಬಂದ ಕ್ಲೋರಿನ್ ಟ್ರಿಸ್ಸನ್ನೂ ಉಡುಪಿನಿಂದ ಕೈಬಿಟ್ಟರು. ದಶಕಗಳ ನಂತರ ಅವರು ಈ ವಿಷಯಕ್ಕೆ ಮರಳಿದಾಗ ಅದೇ ಕ್ಲೋರಿನ್ ಟ್ರಿಸ್ ಸೋಫಾಗಳಲ್ಲಿ ಕೂತಿತ್ತು. ಪಿಬಿಡಿಇ ಬಿಟ್ಟವರು ಹಿಡಿದ ಬದಲಿಗಳಲ್ಲಿ ಅದೂ ಒಂದು. ಈ ಎಳೆಯನ್ನು ಹಿಡಿದು ಚಿತ್ರ ಇನ್ನಷ್ಟು ದೂರ ನಡೆಯಬಹುದಿತ್ತು.

ಚಿತ್ರ ಟಿವಿಯಲ್ಲಿ ಪ್ರಸಾರವಾದ 2013ರ ನವೆಂಬರಿನಲ್ಲೇ ಕ್ಯಾಲಿಫೋರ್ನಿಯಾ ಹಳೆಯ ಪರೀಕ್ಷೆಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಹೊಸ ನಿಯಮ ರಾಸಾಯನಿಕಗಳನ್ನು ನಿಷೇಧಿಸಲಿಲ್ಲ, ಹಾಕಲೇಬೇಕಾದ ಅಗತ್ಯವನ್ನು ತೆಗೆಯಿತು. ಹಳೆಯ ಸೋಫಾಗಳು ಮನೆಗಳಲ್ಲೇ ಉಳಿದವು.