ಫಿಲ್ಟರಿನ ಆಚೆ ಬದಿ

ಸಂಡೂರು ಸೀಮೆಯ ಗಣಿ ದಾರಿಯಲ್ಲಿ ಅದಿರು ಹೊರುವ ಟಿಪ್ಪರುಗಳಿಗೆಲ್ಲ ಬಣ್ಣ ಒಂದೇ. ಶೋರೂಮಿನಿಂದ ಬರುವಾಗ ಬಿಳಿಯೋ ನೀಲಿಯೋ ಇರುತ್ತವೆ, ಆರು ತಿಂಗಳಲ್ಲಿ ಕಾವಿ ತೊಟ್ಟು ನಿಂತಿರುತ್ತವೆ. ಸಂಜೆಯಾದರೆ ಕ್ಲೀನರ್ ಹುಡುಗ ಏರ್ ಫಿಲ್ಟರ್ ಬಿಚ್ಚಿ ಟೈರಿಗೆ ನಾಲ್ಕು ಸಲ ಬಡಿಯುತ್ತಾನೆ. ಕೆಂಪು ಮೋಡ ಏಳುತ್ತದೆ. ಆಮೇಲೆ ಪಂಕ್ಚರ್ ಅಂಗಡಿಯ ಪೈಪು ಎಳೆದು ಫುಲ್ ಪ್ರೆಶರಿನಲ್ಲಿ ಗಾಳಿ ಹೊಡೆದು ಮತ್ತೆ ಕೂರಿಸುತ್ತಾನೆ. 'ಈಗ ನೋಡಿ ಸಾರ್ ಪಿಕಪ್ಪು!'

ಎರಡು ಟಿಪ್ಪರು ಇಟ್ಟುಕೊಂಡಿದ್ದ ಕಾಲದಲ್ಲಿ ನಾನೂ ಇದನ್ನು ಮೆಚ್ಚಿಕೊಂಡು ನೋಡಿದವನೇ. ಅದರಲ್ಲೊಂದು ಗಾಡಿ ಆಯಿಲ್ ಕುಡಿಯಲು ಶುರು ಮಾಡಿತು. ಎಂಜಿನ್ ಬಿಚ್ಚಿದಾಗ ಮೇಸ್ತ್ರಿ ನನ್ನ ಬೆರಳು ಹಿಡಿದು ಲೈನರಿನ ಮೇಲ್ತುದಿಗೆ ಮುಟ್ಟಿಸಿದ. ರಿಂಗು ತಿರುಗಿ ಬರುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು. ಅದರ ಕೆಳಗೆ ಇರಬೇಕಾದ ಗೀರುಗೀರಿನ ಹೋನಿಂಗ್ ಗುರುತು ಅಳಿಸಿಹೋಗಿ ಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. 'ಧೂಳು ತಿಂದಿದೆ' ಅಂದ. ದಿನಾ ಫಿಲ್ಟರ್ ಕ್ಲೀನ್ ಮಾಡಿಸಿದ ಗಾಡಿ ಅದು.

ಒಂದು ಲೀಟರ್ ಡೀಸೆಲ್ ಸುಡಲು ಕಡಿಮೆಯೆಂದರೂ ಹತ್ತು ಸಾವಿರ ಲೀಟರ್ ಗಾಳಿ ಬೇಕು. ಡೀಸೆಲ್ ಎಂಜಿನ್ ಯಾವತ್ತೂ ಅಗತ್ಯಕ್ಕಿಂತ ಹೆಚ್ಚೇ ಎಳೆಯುತ್ತದೆ. ದಿನಕ್ಕೆ ನೂರು ಲೀಟರ್ ಕುಡಿಯುವ ಟಿಪ್ಪರು ಹತ್ತು ಲಕ್ಷ ಲೀಟರಿಗೂ ಮೀರಿ ಗಾಳಿ ನುಂಗುತ್ತದೆ, ಅದೂ ಮುಂದಿನ ಲಾರಿ ಎಬ್ಬಿಸಿದ ಧೂಳಿನ ಮಧ್ಯೆ. ರಿಂಗಿಗೂ ಲೈನರಿಗೂ ನಡುವೆ ಇರುವ ಎಣ್ಣೆಯ ಪದರ ಕೆಲವೇ ಮೈಕ್ರಾನಿನದು. ತಲೆಗೂದಲಿನ ದಪ್ಪ ಎಪ್ಪತ್ತರ ಆಸುಪಾಸು. ಹಾಗಾಗಿ ಎಂಜಿನ್ನನ್ನು ಕೊಲ್ಲುವುದು ಕಣ್ಣಿಗೆ ಕಾಣುವ ಕಸವಲ್ಲ, ಐದರಿಂದ ಇಪ್ಪತ್ತು ಮೈಕ್ರಾನಿನ ಹುಡಿ. ಇಲ್ಲಿಯ ಹುಡಿಯಂತೂ ಹೆಮಟೈಟ್, ಕಬ್ಬಿಣದ ಆಕ್ಸೈಡು. ಅಕ್ಕಸಾಲಿಗರು ಒಡವೆಗೆ ಮೆರುಗು ಕೊಡಲು ಬಳಸುವ ಕೆಂಪು ರೂಜ್ ಪುಡಿಯೂ ಅದೇ. ನನ್ನ ಲೈನರ್ ಹೊಳೆದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಅಂದಮೇಲೆ ಒಳ್ಳೆಯ ಫಿಲ್ಟರ್ ಯಾವುದು? ಅಂಗಡಿಯಲ್ಲಿ ಸಿಗುವ ಉತ್ತರ 'ಎಂಜಿನ್ ಚೆನ್ನಾಗಿ ಉಸಿರಾಡಬೇಕು ಸಾರ್'. ಈ ಮಾತಿನ ಬೆನ್ನಿಗೇ ಎಣ್ಣೆ ಸವರಿದ ಹತ್ತಿ ಜಾಲರಿಯ ಫಿಲ್ಟರ್ ಬರುತ್ತದೆ: ತೊಳೆದು ಎಣ್ಣೆ ಹಚ್ಚಿ ಮತ್ತೆ ಹಾಕಿ, ಜನ್ಮಕ್ಕೊಂದೇ ಸಾಕು. ಈ ನಮೂನೆಯಲ್ಲಿ ಹೆಸರಾದ ಕೆ ಅಂಡ್ ಎನ್ 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು, ರೇಸಿನ ಜಗತ್ತಿನಲ್ಲಿ ಬೆಳೆದದ್ದು. ರೇಸಿನ ಎಂಜಿನ್ನನ್ನು ಆಗಾಗ ಬಿಚ್ಚುವುದೇ ವಾಡಿಕೆ, ಅಲ್ಲಿ ಅದಕ್ಕೆ ಅರ್ಥವಿದೆ. ಲಾರಿಯಲ್ಲಿ ನನಗೆ ಅರ್ಥ ಕಾಣಲಿಲ್ಲ. ಡೀಸೆಲ್ ಎಂಜಿನ್ನಿನ ಶಕ್ತಿ ಪಂಪು ಎಷ್ಟು ಡೀಸೆಲ್ ಚಿಮ್ಮಿಸುತ್ತದೆ ಎನ್ನುವುದರ ಮೇಲೆ ನಿಂತಿದೆ. ಕರಿ ಹೊಗೆ ಬರುತ್ತಿಲ್ಲವೆಂದರೆ ಗಾಳಿ ಸಾಲುತ್ತಿದೆ ಎಂದೇ ಲೆಕ್ಕ, ಇನ್ನಷ್ಟು ತುಂಬಿದರೆ ಪಿಕಪ್ಪು ಬರುವುದಿಲ್ಲ. ಸಾಲದ್ದಕ್ಕೆ ಎಣ್ಣೆ ಹೆಚ್ಚಾದರೆ, ಗಾಳಿ ಅಳೆಯುವ ಸೆನ್ಸರ್ ಇರುವ ಎಂಜಿನುಗಳಲ್ಲಿ ಅದು ಸೆನ್ಸರಿಗೆ ಮೆತ್ತಿಕೊಂಡು ಹೊಸ ತಲೆನೋವು.

ಇನ್ನು ಶೇಕಡಾವಾರಿನ ಮೋಸ. ಒಂದು ಡಬ್ಬಿಯ ಮೇಲೆ 99, ಇನ್ನೊಂದರ ಮೇಲೆ 99.9. ಮುಕ್ಕಾಲು ಪಾಲು ಜನ ಇದೇನು ದೊಡ್ಡ ವ್ಯತ್ಯಾಸ ಎಂದು ಅಗ್ಗದ್ದನ್ನೇ ಒಯ್ಯುತ್ತಾರೆ. ಹಿಡಿದದ್ದನ್ನು ಎಣಿಸುವ ಬದಲು ತಪ್ಪಿಸಿಕೊಂಡದ್ದನ್ನು ಎಣಿಸಿ. ಒಂದು ಕೆಜಿ ಧೂಳು ಬಂದರೆ ಮೊದಲನೆಯದು ಹತ್ತು ಗ್ರಾಂ ಒಳಗೆ ಬಿಡುತ್ತದೆ, ಎರಡನೆಯದು ಒಂದೇ ಗ್ರಾಂ. ಲೈನರಿಗೆ ತಗಲುವುದು ಆ ಹತ್ತು ಪಟ್ಟು. ಐಎಸ್‌ಒ 5011 ಎಂಬ ಪರೀಕ್ಷೆ ಇರುವುದೇ ಈ ಲೆಕ್ಕಕ್ಕೆ. ಯಾವ ಪರೀಕ್ಷೆಯಲ್ಲಿ ಬಂದ ಅಂಕಿ ಎಂದು ಹೇಳದ ಡಬ್ಬಿಯ ಶೇಕಡಾವಾರಿಗೆ ನಾನು ಬೆಲೆ ಕೊಡುವುದಿಲ್ಲ.

ಹಳೆಯ ಲಾರಿಗಳ ಆಯಿಲ್ ಬಾತ್ ಫಿಲ್ಟರಿನ ಬಗ್ಗೆ ನನಗೆ ಈಗಲೂ ಪ್ರೀತಿ. ಬಟ್ಟಲಲ್ಲಿ ಎಣ್ಣೆ, ಅದರ ಮೇಲೆ ಗಾಳಿ ಗಕ್ಕನೆ ತಿರುಗಬೇಕು, ತಿರುಗಲಾರದ ಧೂಳು ಎಣ್ಣೆಗೆ ಬೀಳಬೇಕು. ಕೊಳ್ಳುವ ಖರ್ಚಿಲ್ಲ, ಕೆಸರು ಚೆಲ್ಲಿ ಎಣ್ಣೆ ಬದಲಿಸಿದರೆ ಆಯಿತು. ಆದರೆ ಎಂಜಿನ್ ನಿಧಾನವಾಗಿ ಓಡುವಾಗ ಗಾಳಿಗೆ ವೇಗವಿಲ್ಲದೆ ಸಣ್ಣ ಹುಡಿ ಹಾಗೇ ದಾಟಿಬಿಡುತ್ತದೆ. ಲೋಡಿಂಗ್ ಪಾಯಿಂಟಿನಲ್ಲಿ ಗಂಟೆಗಟ್ಟಲೆ ಎಂಜಿನ್ ಆಫ್ ಮಾಡದೆ ನಿಲ್ಲುವ ಟಿಪ್ಪರಿಗೆ ಅದು ಆಗಿಬರುವುದಿಲ್ಲ.

ಉಳಿದದ್ದು ಮಡಿಕೆ ಮಡಿಕೆಯ ಕಾಗದದ ಎಲಿಮೆಂಟು. ನನ್ನ ಓಟು ಅದಕ್ಕೇ. ಕಾಗದಕ್ಕೊಂದು ವಿಚಿತ್ರ ಗುಣವಿದೆ: ಸ್ವಲ್ಪ ಕೊಳೆಯಾದ ಮೇಲೆ ಅದು ಇನ್ನೂ ಚೆನ್ನಾಗಿ ಸೋಸುತ್ತದೆ. ಮೇಲೆ ಕೂತ ಧೂಳಿನ ಪದರವೇ ಮುಂದಿನ ಧೂಳಿಗೆ ಜರಡಿ. ದಿನಾ ಬಡಿದು, ಗಾಳಿ ಹೊಡೆಸಿ ನಾವು ಕಿತ್ತೊಗೆಯುವುದು ಅದನ್ನೇ. ಮೇಲಾಗಿ ಪಂಕ್ಚರ್ ಅಂಗಡಿಯ ಪ್ರೆಶರು ಕಾಗದ ಹರಿಯುತ್ತದೆ, ಟೈರಿಗೆ ಬಡಿದರೆ ತಗಡಿನ ಅಂಚು ಸೊಟ್ಟಗಾಗಿ ರಬ್ಬರ್ ಸರಿಯಾಗಿ ಕೂರುವುದಿಲ್ಲ. ಕತ್ತಲಲ್ಲಿ ಎಲಿಮೆಂಟಿನೊಳಗೆ ಬಲ್ಬು ಇಳಿಬಿಟ್ಟು ನೋಡಿ. ನಮ್ಮದರಲ್ಲಿ ನಕ್ಷತ್ರ ಕಂಡವು. ಒಂದೊಂದು ನಕ್ಷತ್ರವೂ ಒಂದು ತೂತು.

ಫಿಲ್ಟರ್ ಕಟ್ಟಿದೆಯೋ ಇಲ್ಲವೋ ಎಂದು ಹೇಳಬೇಕಾದ್ದು ಬಣ್ಣವಲ್ಲ, ಇಂಡಿಕೇಟರು. ಹೌಸಿಂಗಿನ ಹತ್ತಿರವೋ ಡ್ಯಾಶ್‌ಬೋರ್ಡಿನಲ್ಲೋ ಇರುವ, ಯಾರೂ ನೋಡದ ಆ ಪುಟ್ಟ ಗಾಜು. ದೊಡ್ಡ ಡೀಸೆಲ್ ಎಂಜಿನುಗಳಲ್ಲಿ ಸಾಮಾನ್ಯವಾಗಿ ಎಳೆತ ನೀರಿನ ಲೆಕ್ಕದಲ್ಲಿ 25 ಇಂಚು, ಅಂದರೆ ಸುಮಾರು 635 ಮಿಲಿಮೀಟರ್ ಮುಟ್ಟಿದಾಗ ಅದು ಕೆಂಪಾಗುತ್ತದೆ. ಅಲ್ಲಿಯವರೆಗೆ ಮುಚ್ಚಳ ತೆರೆಯುವುದೇ ತಪ್ಪು.

ಡೂಪ್ಲಿಕೇಟ್ ಮಾಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪನಿ ಮಾಲನ್ನೂ ಅದನ್ನೂ ಪಕ್ಕದಲ್ಲಿಟ್ಟು ಮಡಿಕೆ ಎಣಿಸಿ, ರಬ್ಬರನ್ನು ಹೆಬ್ಬೆಟ್ಟಿನಲ್ಲಿ ಒತ್ತಿ ನೋಡಿ, ಸಾಕು. ಹಣ ಉಳಿದರೆ ಪ್ರೀಕ್ಲೀನರಿಗೆ ಹಾಕಿ. ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಮೊದಲೇ ಹೊರಗೆಸೆಯುವ ಈ ಸಾಮಾನು ಗಣಿ ಗಾಡಿಗೆ ಎಷ್ಟೇ ದುಬಾರಿ ಫಿಲ್ಟರಿಗಿಂತಲೂ ಹೆಚ್ಚು ಉಪಕಾರಿ. ಹೌಸಿಂಗಿನ ಕೆಳಗೆ ಧೂಳು ಉದುರಿಸುವ ರಬ್ಬರ್ ಮೂತಿ ಇರುತ್ತದೆ. ನಮ್ಮ ಗಾಡಿಯಲ್ಲಿ ಅದು ಮಣ್ಣು ಮೆತ್ತಿ ಕಲ್ಲಾಗಿತ್ತು. ವಾರಕ್ಕೊಮ್ಮೆ ಕೈಯಿಂದ ಹಿಚುಕಿದರೆ ಮುಗಿಯಿತು.

ಹೊಸ ಎಲಿಮೆಂಟ್ ಹಾಕುವ ಮುಂಚೆ ಬಿಳಿ ಬಟ್ಟೆಯಿಂದ ಆಚೆ ಬದಿಯ ಪೈಪಿನ ಒಳಗೋಡೆ ಒರೆಸಿ ನೋಡಿ. ಬಟ್ಟೆ ಕೆಂಪಾದರೆ ಇಷ್ಟು ದಿನ ನಿಮ್ಮ ಫಿಲ್ಟರ್ ಕೆಲಸ ಮಾಡಿಲ್ಲ, ಡಬ್ಬಿಯ ಮೇಲೆ ಏನೇ ಬರೆದಿರಲಿ. ಇನ್ನೊಂದು ಮಾತು: ಒಳಗಿರುವ ಸಣ್ಣ ಸೇಫ್ಟಿ ಎಲಿಮೆಂಟನ್ನು ಹೊರಗಿನದನ್ನು ಮೂರು ಸಲ ಬದಲಿಸಿದಾಗ ಒಮ್ಮೆ ಬದಲಿಸಿದರೆ ಸಾಕು. ಅದಕ್ಕೆ ಮಾತ್ರ ದಯವಿಟ್ಟು ಯಾರಿಂದಲೂ ಗಾಳಿ ಹೊಡೆಸಬೇಡಿ.