ಕೊರಳಲ್ಲಿ ತೂಗುವ ಒಗಟು

ಬೆಂಗಳೂರಿನ ಯಾವುದಾದರೂ ತಂತ್ರಜ್ಞಾನ ಸಮ್ಮೇಳನಕ್ಕೆ ಹೋಗಿ, ಬಾಗಿಲಲ್ಲೇ ಕೊರಳಿಗೊಂದು ಕಾರ್ಡು ಬೀಳುತ್ತದೆ. ಮೇಲಿನ ಸಾಲಿನಲ್ಲಿ ನಮ್ಮ ಹೆಸರು, ಕೆಳಗೆ ಕಂಪನಿಯ ಹೆಸರು. ಎದುರಾದವರು ಮುಖ ನೋಡುವ ಮೊದಲು ಆ ಎರಡನೆಯ ಸಾಲನ್ನು ಓದುತ್ತಾರೆ. ನಗು ಎಷ್ಟು ಅಗಲ ಇರಬೇಕು ಎಂಬುದು ಆಮೇಲೆ ತೀರ್ಮಾನವಾಗುತ್ತದೆ. ಆ ಕಾರ್ಡಿನಲ್ಲಿ ಓದುವುದಕ್ಕೆ ಇರುವುದು ಇಷ್ಟೇ.

ಆದರೆ ಬ್ಯಾಡ್ಜನ್ನೇ ಒಂದು ಕೃತಿಯಂತೆ ಕಟ್ಟುವ, ಕೃತಿಯಂತೆಯೇ ಜಗಳವಾಡಿ ವಿಮರ್ಶಿಸುವ ಪರಂಪರೆಯೊಂದು ಬೇರೆಡೆ ಬೆಳೆದಿದೆ. ಲಾಸ್ ವೇಗಸ್‌ನಲ್ಲಿ 1993ರಿಂದ ನಡೆಯುತ್ತಿರುವ ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮ್ಮೇಳನ ಅದರ ತವರು. ಅಲ್ಲಿಯ ಬ್ಯಾಡ್ಜಿನ ಮೇಲೆ ಹೆಸರೇ ಇರುವುದಿಲ್ಲ. ಬಹುಕಾಲ ಬಾಗಿಲಲ್ಲಿ ನಗದು ಕೊಟ್ಟರೆ ಸಾಕಿತ್ತು, ನೀವು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಬ್ಯಾಡ್ಜು ಹೇಳುವುದು ಪಾತ್ರವನ್ನು ಮಾತ್ರ: ಭಾಷಣಕಾರರು, ಪತ್ರಕರ್ತರು, ಮಳಿಗೆಯವರು, ‘ಗೂನ್’ ಎಂದು ಕರೆಸಿಕೊಳ್ಳುವ ಸ್ವಯಂಸೇವಕರು. ಉಳಿದ ಸಾವಿರಾರು ಮಂದಿಗೆ ಒಂದೇ ಪದ, ‘ಹ್ಯೂಮನ್’. ಮನುಷ್ಯ ಎಂಬುದೇ ಅತಿ ಸಾಮಾನ್ಯ ದರ್ಜೆಯ ಟಿಕೆಟ್ಟಾಗಿರುವುದರ ತಮಾಷೆಯನ್ನು ಬಿಡಿಸಿ ಹೇಳಬೇಕಿಲ್ಲ.

ಈ ಹೆಸರಿಲ್ಲದ ಫಲಕಕ್ಕೆ 2006ರಲ್ಲಿ ಮೊದಲ ಸಲ ಜೀವಂತ ಸರ್ಕ್ಯೂಟ್ ಕೂಡಿಸಿದವರು ಜೋ ಗ್ರ್ಯಾಂಡ್. 1998ರಲ್ಲಿ ಅಮೆರಿಕದ ಸೆನೆಟ್ ಎದುರು ಕೂತು ಅಂತರಜಾಲದ ಸುರಕ್ಷತೆ ಎಷ್ಟು ಪೊಳ್ಳೆಂದು ಹೇಳಿದ ಹ್ಯಾಕರ್ ಗುಂಪಿನಲ್ಲಿ ಇವರೂ ಒಬ್ಬರು. ಮೊದಲ ವರ್ಷದ ಬ್ಯಾಡ್ಜಿನಲ್ಲಿ ಎರಡು ನೀಲಿ ಎಲ್‌ಇಡಿ. ಮರುವರ್ಷ 95 ಎಲ್‌ಇಡಿ, ಅವುಗಳ ಮೇಲೆ ತೊಟ್ಟವರೇ ಬರೆದ ಅಕ್ಷರಗಳು ಹರಿಯುತ್ತಿದ್ದವು.

ಇದನ್ನು ಆಟಿಕೆಯೆಂದು ತಳ್ಳಿಹಾಕುವವರು ಅದರ ತಯಾರಿಕೆಯನ್ನೊಮ್ಮೆ ನೋಡಬೇಕು. ಸರ್ಕ್ಯೂಟ್ ಹಲಗೆಯೆಂದರೆ ಗಾಜಿನ ನಾರಿನ ಹಾಳೆ, ಅದರ ಮೇಲೆ ತಾಮ್ರದ ಪದರ, ತಾಮ್ರವನ್ನು ಮುಚ್ಚುವ ಬಣ್ಣದ ಲೇಪ, ಕೊನೆಗೆ ಅಕ್ಷರ ಅಚ್ಚಾಗುವ ಬಿಳಿ ಶಾಯಿ. ಚಿತ್ರ ಬರೆಯಲು ಇರುವುದು ಈ ನಾಲ್ಕೇ. ಹೊಳಪು ಬೇಕಾದ ಕಡೆ ಲೇಪವನ್ನು ತೆರೆದಿಟ್ಟು ತಾಮ್ರಕ್ಕೆ ಚಿನ್ನದ ತೆಳು ಲೇಪ ಕೊಡಿಸುತ್ತಾರೆ. ಬೆಳಕು ಹಾಯಬೇಕಾದ ಕಡೆ ತಾಮ್ರವನ್ನೇ ತೆಗೆದು, ಹಿಂದಿನಿಂದ ಎಲ್‌ಇಡಿ ಉರಿಸುತ್ತಾರೆ. ಗೆರೆ ಅಂದಕ್ಕೂ ಇರಬೇಕು, ವಿದ್ಯುತ್ತನ್ನೂ ಹರಿಸಬೇಕು. ಇದರ ಮೇಲೆ ಲೆಕ್ಕದ ಬಿಗಿ ಬೇರೆ. ಹತ್ತು ಸಾವಿರ ಬ್ಯಾಡ್ಜು ಮಾಡುವವನಿಗೆ ಒಂದು ಎಲ್‌ಇಡಿ ಸೇರಿಸುವುದೆಂದರೆ ಹತ್ತು ಸಾವಿರ ಎಲ್‌ಇಡಿ ಕೊಳ್ಳುವುದು. ಚಿಪ್ಪು ಸಿಗದೆ ಹೋದರೆ ವಿನ್ಯಾಸವನ್ನೇ ಬದಲಿಸಬೇಕು, ಪೆಟ್ಟಿಗೆಗಳು ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡರೂ ಸಮ್ಮೇಳನದ ತಾರೀಖು ಮುಂದೆ ಹೋಗುವುದಿಲ್ಲ. ಕವಿಗಾದರೆ ಮುಂದಿನ ಸಂಚಿಕೆಯಿದೆ!

ಕೌಶಲದ ಬಗ್ಗೆ ನನಗೆ ತಕರಾರಿಲ್ಲ. ಕೌಶಲ ತನ್ನನ್ನೇ ಮೆಚ್ಚಿಕೊಂಡು ಕೂತಾಗ ಏನಾಗುತ್ತದೆ ಎಂಬುದು ನನ್ನ ಪ್ರಶ್ನೆ. ಗ್ರ್ಯಾಂಡ್ ಅವರ ನಂತರ ಬ್ಯಾಡ್ಜಿನ ಹೊಣೆ ಹೊತ್ತ ರಯಾನ್ ಕ್ಲಾರ್ಕ್ ಅದನ್ನು ಗೂಢಲಿಪಿಯ ದೊಡ್ಡ ಒಗಟನ್ನಾಗಿ ಮಾಡಿದರು. ಸುಳಿವು ಹಲಗೆಯ ಮೇಲೆ, ಕೊರಳ ಪಟ್ಟಿಯ ಮೇಲೆ, ಕಾರ್ಯಕ್ರಮದ ಪುಸ್ತಿಕೆಯಲ್ಲಿ, ಗೋಡೆಯ ಫಲಕಗಳಲ್ಲಿ. ಬಿಡಿಸಿದ ತಂಡಕ್ಕೆ ಆಜೀವ ಉಚಿತ ಪ್ರವೇಶದ ಬ್ಯಾಡ್ಜು. ಓದುತ್ತಾ ನನಗೆ ನೆನಪಾದದ್ದು ನಮ್ಮ ಚಿತ್ರಕಾವ್ಯ. ಪದ್ಮಬಂಧ, ಚಕ್ರಬಂಧಗಳಲ್ಲಿ ಅಕ್ಷರಗಳು ದಳದಿಂದ ದಳಕ್ಕೆ ಎಷ್ಟು ಚಂದ ಕೂಡಿಕೊಳ್ಳುತ್ತವೆ! ಆದರೂ ವ್ಯಂಗ್ಯಾರ್ಥವಿಲ್ಲದ ಈ ಬಗೆಯನ್ನು ಮಮ್ಮಟ ಉತ್ತಮ, ಮಧ್ಯಮಗಳ ಕೆಳಗೆ, ‘ಅವರ’ ಎಂದು ಕೂರಿಸಿದ. ಒಗಟಿನ ಬ್ಯಾಡ್ಜಿಗೂ ನಾನು ಆ ಜಾಗವನ್ನೇ ಕೊಡುತ್ತೇನೆ. ಕೈಬೆರಳೆಣಿಕೆಯ ಜನ ಅದನ್ನು ಪೂರ್ತಿ ಓದುತ್ತಾರೆ. ಉಳಿದವರ ಕೊರಳಲ್ಲಿ ಅದು ಮಿನುಗುತ್ತದೆ, ಮನೆಗೆ ಬಂದು ಮೇಜಿನ ಡ್ರಾಯರ್ ಸೇರುತ್ತದೆ. ಒಗಟು ಬಿಡಿಸಲು ಕೂಡಿದ ಅಪರಿಚಿತರು ಗೆಳೆಯರಾದರು ಎಂದು ಅದರ ಅಭಿಮಾನಿಗಳು ವಾದಿಸಬಹುದು. ಒಪ್ಪೋಣ. ಆದರೆ ಅದು ಮೊದಲೇ ಒಗಟಿನ ಹುಚ್ಚಿದ್ದವರ ಗೆಳೆತನ.

2019ರಲ್ಲಿ ಮರಳಿ ಬಂದ ಗ್ರ್ಯಾಂಡ್ ಮಾಡಿದ ಬ್ಯಾಡ್ಜನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬ್ರೆಜಿಲ್‌ನಿಂದ ತರಿಸಿ ಹೊಳಪು ಕೊಟ್ಟ ಸ್ಫಟಿಕದ ಕಲ್ಲು, ಅದರೊಳಗಿಂದ ಬೆಳಕು. ಒಂದು ಕಲ್ಲಿನಂತೆ ಇನ್ನೊಂದಿಲ್ಲ. ಸಾವಿರಾರು ಸಂಖ್ಯೆಯಲ್ಲಿ ಯಂತ್ರ ಮಾಡುವ ವಸ್ತುವಿನಲ್ಲಿ ನೆಲವೇ ಮಾಡಿದ ಒಂದು ಭಾಗ. ಅದಕ್ಕಿಂತ ಮುಖ್ಯವಾದದ್ದು ಬ್ಯಾಡ್ಜುಗಳು ಮಾತಾಡಿಕೊಳ್ಳುವ ರೀತಿ. ವೈಫೈ, ಬ್ಲೂಟೂತ್ ಬಿಟ್ಟು ಅವರು ಆರಿಸಿಕೊಂಡದ್ದು ಹತ್ತಿರದ ಕಾಂತಕ್ಷೇತ್ರದ ಮೂಲಕ ಸಾಗುವ, ಕೆಲವೇ ಇಂಚು ದೂರ ಮುಟ್ಟುವ ಸಂಪರ್ಕ. ‘ಹ್ಯೂಮನ್’ ಬ್ಯಾಡ್ಜಿನ ಆಟ ಮುಗಿಯಬೇಕಾದರೆ ಭಾಷಣಕಾರರ, ಗೂನ್‌ಗಳ, ಪತ್ರಕರ್ತರ ಬ್ಯಾಡ್ಜಿಗೆ ಅದನ್ನು ತಾಕಿಸುವಷ್ಟು ಹತ್ತಿರ ಹಿಡಿಯಬೇಕು. ಸಂಕೋಚದ ಹುಡುಗನೊಬ್ಬ ವೇದಿಕೆಯಿಂದ ಇಳಿದವರ ಮುಂದೆ ಹೋಗಿ ನಿಲ್ಲಲು ಅವನಿಗೊಂದು ನೆಪ ಸಿಕ್ಕಿತು. ತಂತ್ರದ ಮಿತಿಯನ್ನೇ ಅರ್ಥವಾಗಿಸುವುದು ಎಂದರೆ ಇದೇ. ನನ್ನ ಓದಿನಲ್ಲಿ ಇದು ‘ಉತ್ತಮ’.

ಯುರೋಪಿನ ಶಿಬಿರಗಳದ್ದು ಬೇರೆ ದಾರಿ. ಅಲ್ಲಿ ಬ್ಯಾಡ್ಜು ಒಗಟಲ್ಲ, ಉಪಕರಣ. ಬರ್ಲಿನ್‌ನ ಉತ್ತರಕ್ಕೆ, ಹಳೆಯ ಇಟ್ಟಿಗೆ ಕಾರ್ಖಾನೆಯ ಆವರಣದಲ್ಲಿ ನಡೆದ 2023ರ ಕೇಯಾಸ್ ಶಿಬಿರದ ‘ಫ್ಲೋವರ್’ ಹೂವಿನಾಕಾರದ ವಾದ್ಯ. ದಳಗಳನ್ನು ಸವರಿದರೆ ನುಡಿಯುತ್ತದೆ, ಹೆಡ್‌ಫೋನ್ ತಂತಿಯಂಥದ್ದರಿಂದ ಇನ್ನೊಬ್ಬರ ಹೂವಿಗೆ ಜೋಡಿಸಬಹುದು. ಇಂಗ್ಲೆಂಡಿನ ಇಎಂಎಫ್ ಶಿಬಿರದ 2018ರ ಬ್ಯಾಡ್ಜು ಆ ಬಯಲಿನ ಸ್ವಂತ ಜಾಲದಲ್ಲಿ ಕೆಲಸ ಮಾಡುವ ಮೊಬೈಲ್ ಫೋನೇ ಆಗಿತ್ತು. ಇವುಗಳ ನಕ್ಷೆ, ಪ್ರೋಗ್ರಾಂ ಎಲ್ಲವೂ ಬಹಿರಂಗ, ಯಾರೂ ತಿದ್ದಬಹುದು.

ಡ್ರಾಯರಿನ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದೂ ಇಎಂಎಫ್‌ನವರೇ. ಪ್ರತಿ ಶಿಬಿರಕ್ಕೂ ಹೊಸ ಹಲಗೆ, ಹೊಸ ಬ್ಯಾಟರಿ, ಕೊನೆಗೆ ಹೊಸ ಕಸ. ಹ್ಯಾಕರ್‌ಗಳ ಹಬ್ಬದ ಈ ಮುಜುಗರದ ಮಾತನ್ನು ಮೆಚ್ಚುಗೆಯ ಬರಹಗಳು ಜಾರಿಸಿಬಿಡುತ್ತವೆ. 2024ರ ‘ಟಿಲ್ಡಗಾನ್’ ಷಟ್ಕೋನಾಕಾರದ ಮೂಲ ಹಲಗೆ. ಮುಂದಿನ ಶಿಬಿರಗಳಿಗೂ ಅದನ್ನೇ ತೊಟ್ಟು ಬನ್ನಿ ಎಂದರು. ಆರು ಅಂಚುಗಳಲ್ಲಿ ಆರು ಕಿಂಡಿ. ಬಂದವರು ತಾವೇ ಮಾಡಿದ ಸಣ್ಣ ಷಟ್ಕೋನಗಳನ್ನು ಅಲ್ಲಿ ಸಿಕ್ಕಿಸಬೇಕು. ಪ್ರತಿಸಲದ ಅಚ್ಚರಿ ಹೋಯಿತಲ್ಲ ಎಂಬ ಕೊರಗು ನನಗೂ ಸ್ವಲ್ಪ ಇದೆ. ಹಬ್ಬಕ್ಕೆ ಹೊಸ ಬಟ್ಟೆ ಇಲ್ಲದ ಹಾಗೆ.

ಆದರೆ ಆ ಕಿಂಡಿಯ ವಿನ್ಯಾಸ ನೋಡಿದ ಮೇಲೆ ಕೊರಗು ಕಡಿಮೆಯಾಯಿತು. ಜೋಡಣೆಯ ದುಬಾರಿ ಭಾಗವಾದ ಸಾಕೆಟ್ಟು ಮೂಲ ಹಲಗೆಯ ಮೇಲೇ ಇದೆ. ಸಿಕ್ಕಿಸಲು ಬರುವವರು ಕೊಳ್ಳಬೇಕಾದದ್ದು ಏನೂ ಇಲ್ಲ, ಒಂದು ಮಿಲಿಮೀಟರ್ ದಪ್ಪದ ಹಲಗೆಯ ಅಂಚೇ ಸಾಕು.